ಹೊಗೆಸೊಪ್ಪಿನ ಕೈ

ಅಮ್ಮಾಜಮ್ಮ ಸೆರಗಿನ ತುದಿಯ ಗಂಟು ಬಿಚ್ಚಿ ಮೂಗಿಗೆ ಹಿಡಿದಾಗ ಹುಳದ ಮನೆಯೊಳಗೆ ಮಳೆ ಹುಯ್ಯುತ್ತಿತ್ತು. ನಿಜವಾದ ಮಳೆಯಲ್ಲ, ಹೊರಗೆ ಕಾರ್ತೀಕದ ಬಿಸಿಲು ಹದವಾಗಿ ಕಾಯುತ್ತಿತ್ತು. ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ರೇಷ್ಮೆಹುಳಗಳು ಹಸಿದು ಹಿಪ್ಪುನೇರಳೆ ಸೊಪ್ಪಿಗೆ ಬಾಯಿ ಹಾಕಿದರೆ ಹಾಗೆಯೇ, ತೆಂಗಿನ ಗರಿಯ ಮೇಲೆ ಸಣ್ಣ ಮಳೆ ಬಿದ್ದಂಥ ಸದ್ದು. ಹತ್ತು ತಟ್ಟೆಗಳ ಆ ಸದ್ದಿನ ನಡುವೆ ಗೋಡೆಗೊರಗಿ ಕೂತು, ಗಂಟಿನೊಳಗಿದ್ದ ಒಂದೇ ಒಂದು ಚೂರು ಹೊಗೆಸೊಪ್ಪನ್ನು ಬೆರಳ ತುದಿಯಲ್ಲಿ ಹೊಸಕಿ ಅವಳು ಉಸಿರೆಳೆದುಕೊಂಡಳು. ಕಣ್ಣು ತಾನಾಗಿ ಮುಚ್ಚಿತು. ತವರಿನ ಹಿತ್ತಿಲು, ನೀರು ಚಿಮುಕಿಸಿದ ಅಂಗಳ, ಯಾರೋ ದೂರದಿಂದ ಹೆಸರು ಹಿಡಿದು ಕರೆಯುವ ದನಿ, ಎಲ್ಲ ಒಂದರ ಹಿಂದೊಂದು ತೇಲಿ ಬಂದು ಹೋದವು.

ಬಾಯಿಗೆ ಹಾಕಿಕೊಳ್ಳಲಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅವಳಿಗೆ ಅನ್ಯಾಯವಾಗುತ್ತದೆ. ಆಷಾಢದಲ್ಲಿ ಬಿಟ್ಟವಳು ಅವತ್ತಿನವರೆಗೂ ಒಂದು ಎಸಳನ್ನೂ ದವಡೆಗೆ ಇಟ್ಟವಳಲ್ಲ. ಮೂಸುತ್ತಿದ್ದಳು, ಅಷ್ಟೆ. ಮೂಸಿದರೆ ಯಾವ ಶಾಸ್ತ್ರದಲ್ಲಿ ತಪ್ಪು ಎಂದು ತನ್ನನ್ನೇ ಕೇಳಿಕೊಂಡು, ಯಾವ ಶಾಸ್ತ್ರದಲ್ಲೂ ಇಲ್ಲವೆಂದು ತಾನೇ ತೀರ್ಪು ಕೊಟ್ಟುಕೊಂಡಿದ್ದಳು. ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದ ಹೊತ್ತಿನಲ್ಲಿ, ದಿನಕ್ಕೊಂದು ಸಲ. ಅವತ್ತೂ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಕುಕ್ಕೆಯಿಂದ ಸೊಪ್ಪು ತೆಗೆದು, ಹಿಂಗೋಡೆಯ ಕಡೆಯ ಕೆಳಗಿನ ಎರಡು ತಟ್ಟೆಗಳಿಗೆ ಹರಡಿದಳು.

ಹನ್ನೊಂದನೇ ವಯಸ್ಸಿನಿಂದ ಮೂವತ್ತೆಂಟು ವರ್ಷ ಅಗಿದ ಹೊಗೆಸೊಪ್ಪು ಅದು. ಎಲೆಅಡಿಕೆ ಚೀಲವಿಲ್ಲದೆ ಅವಳು ಹೊಲಕ್ಕೂ ಹೋದವಳಲ್ಲ, ಹೆರಿಗೆಗೂ ಹೋದವಳಲ್ಲ. ಆಷಾಢದಲ್ಲಿ ಹಲ್ಲು ನೋವೆಂದು ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಹೋದಾಗ ಅವರು ಹಲ್ಲು ಬಿಟ್ಟು ಕೆನ್ನೆಯ ಒಳಗಿನ ಬಿಳಿಯ ಕಲೆಯನ್ನು ನೋಡಿದರು. "ಇದನ್ನ ಇವತ್ತೇ ಬಿಟ್ಬಿಡಮ್ಮ. ಕಲೆ ಹುಣ್ಣಾದ್ಮೇಲೆ ಬಂದ್ರೆ ನನ್ನ ಹತ್ರ ಔಷಧಿ ಇರಲ್ಲ" ಎಂದರು. ದನಿ ಏರಿಸದೆ ಹೇಳಿದ್ದರಿಂದಲೋ ಏನೋ ಮಾತು ಅಮ್ಮಾಜಮ್ಮನಿಗೆ ನಾಟಿತು. ಶಿಡ್ಲಘಟ್ಟಕ್ಕೆ ಬಂದು ಇಳಿದು, ಅಲ್ಲಿಂದ ಊರಿಗೆ ನಡೆಯುವಾಗ ದಾರಿಯ ಕುಂಟೆಯ ನೀರಿಗೆ ಚೀಲವನ್ನು ಎಸೆದಳು, ಒಂದು ಚೂರು ಮಾತ್ರ ಸೆರಗಿನ ತುದಿಯಲ್ಲಿ ಉಳಿದುಕೊಂಡಿತು. ಕಲೆ ದಿನದಿನಕ್ಕೆ ತೆಳುವಾಗುತ್ತ ಬಂತು.

ಬಿಟ್ಟ ಎಂಟನೇ ದಿನಕ್ಕೆ ಉಪದೇಶ ಶುರುವಾಯಿತು. ಕಳೆ ಕೀಳುವ ಹೆಂಗಸರಿಗೆ ಉಪದೇಶ, ನೀರು ಸೇದುವವರಿಗೆ ಉಪದೇಶ, ಬೀಗರ ಮನೆಯ ಸೀಮಂತಕ್ಕೆ ಹೋಗಿ ಅಲ್ಲಿ ತಾಂಬೂಲ ಮೆಲ್ಲುತ್ತಿದ್ದ ಮುದುಕಿಯರಿಗೆ ಉಪದೇಶ. ಅವಳು ಬೀದಿಯಲ್ಲಿ ಬರುವುದು ಕಂಡರೆ ಜಗಲಿಯ ಮೇಲಿದ್ದ ಚೀಲಗಳೆಲ್ಲ ಸೆರಗಿನೊಳಗೆ ಹೋಗುತ್ತಿದ್ದವು. ಗಂಡ ರಾಮಾಂಜಿನಪ್ಪ ಕಡಿಮೆ ಮಾತಿನ ಮನುಷ್ಯ. ಅವನೂ ಒಂದು ದಿನ ಊಟಕ್ಕೆ ಕೂತವನು, "ಹೊಗೆಸೊಪ್ಪು ಬಾಯಿಂದ ಹೋಯ್ತು ಕಣೇ, ಅದರ ಮಾತು ಹೋಗ್ಲಿಲ್ಲ" ಎಂದು ಮುದ್ದೆ ಮುರಿದಿದ್ದ.

ಅಷ್ಟೆಲ್ಲ ಮಂದಿಗೆ ಹೇಳಿದ್ದು ಒಂದು ತೂಕ, ತಂಗಿಗೆ ಹೇಳಿದ್ದು ಒಂದು ತೂಕ. ಚಿಂತಾಮಣಿಗೆ ಕೊಟ್ಟಿದ್ದ ತಂಗಿ ಮುನಿಗಂಗಮ್ಮ ಪ್ರತಿ ಬೆಳೆಗೂ ಹುಳ ಹಣ್ಣಾಗಿ ಗೂಡಿಗೆ ಏರುವ ಮುಂಚಿನ ಎಂಟು ದಿನ ಅಕ್ಕನಿಗೆ ಒತ್ತಾಸೆಯಾಗಿ ಬಂದಿರುತ್ತಿದ್ದಳು. ಏಳು ವರ್ಷಕ್ಕೆ ಚಿಕ್ಕವಳು. ಈ ಸಲ ಬಂದವಳು ಸಾರಿನಿಂದ ಮೆಣಸಿನಕಾಯಿ ತೆಗೆದಿಟ್ಟು, ಒಂದೇ ಕಡೆಯ ದವಡೆಯಲ್ಲಿ ಮೆಲ್ಲಗೆ ಅಗಿಯುವುದನ್ನು ಅಮ್ಮಾಜಮ್ಮ ಮೊದಲ ಊಟಕ್ಕೇ ಕಂಡಳು. ಕೇಳಿದರೆ, "ಸಣ್ಣ ಹುಣ್ಣು ಕಣಕ್ಕ, ಉಷ್ಣಕ್ಕೆ" ಎಂದಳು. ಅಮ್ಮಾಜಮ್ಮನಿಗೆ ಡಾಕ್ಟರ ಮಾತು ನೆನಪಾಯಿತು. ತಂಗಿ ಸತ್ತುಹೋದರೆ ಎಂಬ ಭಯ ಹತ್ತಿತು, ಬೇರೆ ಏನೂ ಅಲ್ಲ. ಆದರೆ ಅದು ಬಾಯಿಗೆ ಬರುವಾಗ ಬೈಗುಳವಾಗಿ ಬರುತ್ತಿತ್ತು.

"ನನ್ನ ನೋಡೇ ಗಂಗೀ. ಮೂವತ್ತೆಂಟು ವರ್ಷದ್ದು. ಒಂದೇ ದಿನಕ್ಕೆ ಬಿಸಾಕಿದೆ. ಮನಸ್ಸು ಗಟ್ಟಿ ಇದ್ರೆ ಏನಾಗಲ್ಲ?"

"ನೀನು ಗಟ್ಟಿಗಿತ್ತಿ ಬಿಡಕ್ಕ."

"ಅದರ ನೆನಪೂ ಬರಲ್ಲ ಕಣೇ ನಂಗೆ."

ಮುನಿಗಂಗಮ್ಮ ಅಕ್ಕನ ಮುಖವನ್ನು ಒಂದು ಗಳಿಗೆ ನೋಡಿದಳು. "ಆಗ್ಲಿ" ಎಂದಷ್ಟೇ ಅಂದು ಕುಕ್ಕೆ ಎತ್ತಿಕೊಂಡು ಸೊಪ್ಪಿನ ತೋಟಕ್ಕೆ ಹೋದಳು. ಮಧ್ಯಾಹ್ನ ಬಣವೆಯ ಹಿಂದೆ ಕೂತು ಎಲೆಅಡಿಕೆ ಹಾಕಿಕೊಂಡು, ಬಾಯಿ ಮುಕ್ಕಳಿಸಿ, ಮೊಣಕೈವರೆಗೂ ಬೂದಿ ಹಚ್ಚಿ, ಮೇಲೆ ಸೀಗೆಪುಡಿ ಹಚ್ಚಿ ತೊಳೆದು, ಕೈ ಮೂಸಿ ನೋಡಿಕೊಂಡೇ ಹುಳದ ಮನೆಯೊಳಗೆ ಕಾಲಿಡುತ್ತಿದ್ದಳು. ಹೊಗೆಸೊಪ್ಪಿನ ಸೋಂಕು ರೇಷ್ಮೆಹುಳಕ್ಕೆ ವಿಷ. ಆ ಸೀಮೆಯಲ್ಲಿ ನಡೆಯಲು ಬಂದ ಕೂಸಿಗೂ ಅದು ಗೊತ್ತು.

ತಂಗಿ ಬಂದ ಆರನೇ ದಿನ ಬೆಳಿಗ್ಗೆ ರಾಮಾಂಜಿನಪ್ಪ ಹಿಂಗೋಡೆಯ ಕೆಳಗಿನ ಎರಡು ತಟ್ಟೆಗಳನ್ನು ಬಾಗಿಲ ಬೆಳಕಿಗೆ ಎಳೆದುಕೊಂಡ. ಹುಳಗಳು ತಲೆ ಮೇಲೆತ್ತಿ ಅತ್ತಿತ್ತ ತೂಗಾಡುತ್ತಿದ್ದವು. ಹಲವು ಆಗಲೇ ಹಸಿರು ನೀರು ಕಾರಿ, ಮುದುಡಿ, ಗಿಡ್ಡವಾಗಿ ಬಿದ್ದಿದ್ದವು. ಮಿಕ್ಕ ಎಂಟು ತಟ್ಟೆಗಳಲ್ಲಿ ಮಳೆಯ ಸದ್ದು ಹಾಗೆಯೇ ಇತ್ತು. ಸೊಪ್ಪು ಬಿಡಿಸಲು ಬಂದಿದ್ದ ನಾಲ್ಕು ಜನ ಹೆಂಗಸರು ಬಾಗಿಲಲ್ಲಿ ಗುಂಪಾದರು.

"ರೋಗ ಅಲ್ಲ ಇದು. ರೋಗ ಆಗಿದ್ರೆ ಎಲ್ಲಾ ಕಡೆ ಹಬ್ಬೋದು" ಎಂದ ರಾಮಾಂಜಿನಪ್ಪ. "ಹೊಗೆಸೊಪ್ಪಿನ ಕೈ ತಾಗೈತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅಮ್ಮಾಜಮ್ಮನ ಕೈ ಸರಕ್ಕನೆ ಸೊಂಟಕ್ಕೆ ಹೋಯಿತು. ಗಂಟು ಅಲ್ಲೇ ಇತ್ತು. ಯಾರೂ ಅದನ್ನು ನೋಡಲಿಲ್ಲ, ಏಕೆಂದರೆ ಎಲ್ಲರೂ ಮುನಿಗಂಗಮ್ಮನ ಕಡೆಗೆ ತಿರುಗಿದ್ದರು. ಆ ಹೊತ್ತಿಗೆ ಅಮ್ಮಾಜಮ್ಮ ಸುಮ್ಮನಿದ್ದಿದ್ದರೂ ಸಾಕಿತ್ತು. ಆದರೆ ಐದು ತಿಂಗಳಿಂದ ನಿಲ್ಲದ ಬಾಯಿ ಅವತ್ತು ಮಾತ್ರ ಯಾಕೆ ನಿಲ್ಲುತ್ತದೆ?

"ಬಾಯಿ ಬಡ್ಕೊಂಡೆನಲ್ಲೇ, ಕೇಳಿದ್ಯಾ? ನಿನ್ನ ಬಾಯಿ ಕೆಡಿಸ್ಕೊಂಡಿದ್ದು ಸಾಲ್ದು ಅಂತ ನಮ್ಮನೆ ಹುಳಾನೂ ಕೊಂದ್ಯಾ?"

ಮಾತು ಹೊರಗೆ ಬಿದ್ದಮೇಲೆ ಅವಳಿಗೇ ಅದು ಬೇರೆ ಯಾರದೋ ಮಾತಿನಂತೆ ಕೇಳಿಸಿತು. ಮುನಿಗಂಗಮ್ಮ ಬೂದಿ ಬಳಿದ ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡಳು, ಅಷ್ಟೆ. ಬೂದಿಯನ್ನು ತೊಳೆದುಕೊಂಡು, ಒಣಹಾಕಿದ್ದ ಸೀರೆ ಮಡಿಸಿ ಚೀಲಕ್ಕೆ ತುಂಬಿಕೊಂಡಳು. "ಹೋಗ್ಲಿ ಬಿಡಕ್ಕ. ಭಾವ, ನಾನು ಹೊರಡ್ತೀನಿ" ಎಂದು ಹೇಳಿ, ಬಿಸಿಲಲ್ಲೇ ನಡೆದು ಮಧ್ಯಾಹ್ನದ ರೈಲಿಗೆ ಹೋದಳು. ತಡೆಯಲು ಅಮ್ಮಾಜಮ್ಮ ಬೇಲಿಯವರೆಗೂ ಬಂದು ಅಲ್ಲೇ ನಿಂತುಕೊಂಡಳು.

ಸಂಜೆ ಒಲೆಯ ಮುಂದೆ ಕೂತು ಗಂಟು ಬಿಚ್ಚಿದಳು. ಅಗಿಯುವುದು ಬಿಟ್ಟಮೇಲೆ ಕೈ ತೊಳೆಯುವ ಅಭ್ಯಾಸವೂ ಬಿಟ್ಟುಹೋಗಿತ್ತು. ಆ ಚೂರು ಎಷ್ಟು ಸಣ್ಣದಿತ್ತೆಂದರೆ ಬೆಂಕಿಗೆ ಹಾಕಿದಾಗ ಹೊಗೆಯೂ ಕಾಣಲಿಲ್ಲ, ವಾಸನೆ ಮಾತ್ರ ಬಂತು. ಹೇಳೋದು ಶಾಸ್ತ್ರ, ಹಾಕೋದು ಗಾಳ ಎಂದು ಊರವರಿಗೆಲ್ಲ ಗಾದೆ ಹೇಳುತ್ತಿದ್ದವಳು ಅವಳೇ. ಅವತ್ತು ಆ ಗಾದೆ ಒಲೆಯೊಳಗಿಂದ ಎದ್ದು ಬಂದು ಅವಳ ಎದುರಿಗೇ ಕೂತಂತಾಯಿತು. ಅವಳು ಅತ್ತಳು. ಹೊಗೆಗೆ ಅತ್ತಿದ್ದೆಂದು ಗಂಡನಿಗೆ ಹೇಳಿದಳು.

ಆಷಾಢದಲ್ಲಿ ಬಿಟ್ಟಿದ್ದು ಬಾಯಿ. ಈಗ ಮೂಗೂ ಬಿಡಬೇಕಾಯಿತು, ಅದು ಇನ್ನೂ ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಮಿಕ್ಕ ಹುಳ ಹಣ್ಣಾಗಿ, ಗೂಡು ಕಟ್ಟಿ, ಗೂಡು ಶಿಡ್ಲಘಟ್ಟದ ಸಂತೆಗೂ ಹೋಯಿತು. ಅವಳು ಮಾತ್ರ ಎಲ್ಲೋ ಇದ್ದಳು. ತಲೆಯೊಳಗೆ ಹತ್ತಿ ತುಂಬಿದಂತೆ, ನಡೆದರೆ ನೆಲ ಒಂದು ಗೇಣು ಕೆಳಗಿದ್ದಂತೆ. ತೊಳೆದು ಕವುಚಿಟ್ಟ ಖಾಲಿ ತಟ್ಟೆಗಳ ನಡುವೆ ಕೂತರೆ ಮಳೆಯ ಸದ್ದು ಕೇಳಿಸುತ್ತಿತ್ತು. ಹಗಲಲ್ಲೇ ಜೊಂಪು ಹತ್ತಿದರೆ, ಪುಟ್ಟ ಗಂಗಿ ತವರಿನ ಹಿತ್ತಿಲ ಹುಣಸೆಮರದ ಕೆಳಗೆ ಲಂಗ ಎತ್ತಿಕಟ್ಟಿ ಓಡಾಡುತ್ತಿದ್ದಳು. ಕರೆದರೆ ತಿರುಗುತ್ತಿರಲಿಲ್ಲ. ಅಮ್ಮಾಜಮ್ಮ ಎದ್ದು ನೀರು ಕುಡಿದು, ಮತ್ತೆ ಕೂರುತ್ತಿದ್ದಳು. ಬೀದಿಯಲ್ಲಿ ಹೆಂಗಸರು ಅವಳ ಎದುರಿಗೇ ಚೀಲ ಬಿಚ್ಚತೊಡಗಿದರು. "ಯಾಕಮ್ಮ, ನಮ್ಮನ್ನ ಬೈಯೋದೇ ಬಿಟ್ಬಿಟ್ಯಲ್ಲ, ಮೈಗೆ ಹುಷಾರಿಲ್ವಾ?" ಎಂದು ಒಬ್ಬಳು ನಿಜವಾಗಿಯೂ ಮರುಗಿ ಕೇಳಿದಳು.

ಪುಷ್ಯದಲ್ಲಿ ಒಂದು ಬೆಳಿಗ್ಗೆ, ಹಗ್ಗ ಹೊಸೆಯುತ್ತಿದ್ದ ಗಂಡನ ಎದುರು ನಿಂತು, "ಆ ಎರಡು ತಟ್ಟೆ ಕೊಂದಿದ್ದು ನಾನು. ಮೂಸ್ತಿದ್ದೆ" ಎಂದಳು.

ರಾಮಾಂಜಿನಪ್ಪ ಎರಡು ಮೊಳ ಹೊಸೆದ. "ನಂಗೆ ಹೇಳಿ ಏನು ಬಂತು? ಹೇಳ್ಬೇಕಾದೋಳು ಚಿಂತಾಮಣಿಯಲ್ಲವ್ಳೆ."

ಚಿಂತಾಮಣಿಗೆ ಹೋಗುವ ಆ ಪುಟ್ಟ ರೈಲು ಅವಸರ ಕಂಡಿದ್ದಲ್ಲ. ಮಂಜಿನೊಳಗೆ ಹೊಲಗಳು ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದ್ದವು, ಬಂಡೆಗುಡ್ಡಗಳು ನೆಲ ಬಿಟ್ಟು ಎದ್ದು ನಿಂತಂತೆ ಕಾಣುತ್ತಿದ್ದವು. ಎದುರಿಗೆ ಕೂತ ಮುದುಕ ತೆಲುಗಿನಲ್ಲಿ ಮೊಮ್ಮಗಳಿಗೆ ಏನೋ ಕತೆ ಹೇಳುತ್ತಿದ್ದ. ಕತೆಯ ರಾಜ ಕಾಡಿನಲ್ಲಿ ದಾರಿ ತಪ್ಪಿದ ಕಡೆಗೆ ಅಮ್ಮಾಜಮ್ಮನಿಗೆ ನಿದ್ದೆ ಹತ್ತಿತು. ತಂಗಿಗೆ ಹೇಳಬೇಕೆಂದು ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಆ ನಿದ್ದೆಯಲ್ಲಿ ಕಲಸಿಹೋದವು. ಇಳಿದಾಗ ಅವಳ ಹತ್ತಿರ ಉಳಿದಿದ್ದು ಒಂದು ಬಟ್ಟೆಯ ಚೀಲ ಮಾತ್ರ.

ಮುನಿಗಂಗಮ್ಮನ ಮನೆ ತರಕಾರಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಗಂಡ ಚೆನ್ನರಾಯಪ್ಪ ಅಲ್ಲೇ ಮಂಡಿ ಇಟ್ಟಿದ್ದವನು, ಹೊತ್ತು ಮುಳುಗುವವರೆಗೂ ಮನೆ ಸೇರುತ್ತಿರಲಿಲ್ಲ. ಅಕ್ಕನನ್ನು ಕಂಡು ಮುನಿಗಂಗಮ್ಮ, "ಬಾ" ಎಂದಳು. ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಕಿದಳು. ನಡುಮನೆಯಲ್ಲಿ ಅವರೆಕಾಯಿಯ ರಾಶಿ ಬಿದ್ದಿತ್ತು. ತಂಗಿ ಇನ್ನಷ್ಟು ಸೊರಗಿದ್ದಳು. ಕೈಯಲ್ಲಿದ್ದ ಲೋಟದಲ್ಲಿ ಆರಿದ ರಾಗಿಗಂಜಿ ಇತ್ತು.

"ಗಂಗೀ, ಆ ಹುಳ ಕೊಂದಿದ್ದು ನಾನು ಕಣೇ" ಎಂದಳು ಅಮ್ಮಾಜಮ್ಮ, ಕೂರುವ ಮೊದಲೇ.

"ಗೊತ್ತು."

ಮುನಿಗಂಗಮ್ಮ ಗಂಜಿಯ ಲೋಟ ಕೆಳಗಿಟ್ಟಳು. "ಬಂದ ದಿನವೇ ಗೊತ್ತಿತ್ತು. ನಿನ್ನ ಸೆರಗಿನ ವಾಸನೆ ನಂಗೆ ಗೊತ್ತಾಗಲ್ವಾ? ಹಾಕ್ಕೊಳ್ಳೋರ ಮೂಗಿಂದ ಅದನ್ನ ಮುಚ್ಚಿಡಕ್ಕಾಗತ್ತಾ?"

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

"ಅಷ್ಟು ಜನದ ಮುಂದೆ, ಭಾವನ ಮುಂದೆ, ಏನಂತ ಹೇಳ್ಲಿ? ನನ್ನ ಅಕ್ಕ ಕಳ್ಳಿ ಅಂತಾನಾ?" ಲೋಟವನ್ನು ಅತ್ತ ಸರಿಸಿ ಅವಳೇ ಮುಂದುವರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಬೈದಿದ್ದಕ್ಕೆ ಬೇಜಾರಿಲ್ಲಕ್ಕ. ನೀನು ಬಿಟ್ಟಿದೀಯ ಅಂತ ಸುದ್ದಿ ಬಂದಾಗ ನಾನೂ ಬಿಡಬೇಕು ಅಂತ್ಲೇ ಊರಿಗೆ ಬಂದಿದ್ದೆ. ಬಂದು ನೋಡಿದ್ರೆ ಸೊಂಟದಲ್ಲಿ ಇಟ್ಕೊಂಡಿದೀಯ. ಗಟ್ಟಿಗಿತ್ತಿ ನಿನ್ನ ಕೈಲೇ ಆಗದ್ದು ನನ್ನ ಕೈಲೆಲ್ಲಿ ಆಗತ್ತೆ, ಅಂತ ಮನಸ್ಸು ಮುರಿದುಹೋಯ್ತು."

ಅಮ್ಮಾಜಮ್ಮ ಚಾಪೆಯ ಮೇಲೆ ಕೂತಳು. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದಳು. "ನಿಂಗೆ ಈ ಚಟ ಕಲಿಸಿದೋಳೇ ನಾನು" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನೀನೆಲ್ಲಿ ಕಲಿಸಿದೆ? ಬೇಡ ಅಂತ್ಲೇ ತಲೆಗೆ ಕುಟ್ಟಿದ್ದೆ. ನೀನು ಹಾಕ್ಕೋತಿದ್ದೆ, ನೋಡಿ ನಾನೂ ಹಾಕ್ಕೊಂಡೆ, ಅಷ್ಟೆ" ಎಂದ ಮುನಿಗಂಗಮ್ಮ ಅವರೆಕಾಯಿಯ ಮೊರವನ್ನು ಇಬ್ಬರ ನಡುವೆ ಎಳೆದುಕೊಂಡಳು.

ಎಂಟು ದಿನ ಇರುತ್ತೇನೆಂದಳು ಅಮ್ಮಾಜಮ್ಮ. ತಂಗಿ ಬೇಡವೆನ್ನಲಿಲ್ಲ. ಅಕ್ಕತಂಗಿಯರಿಬ್ಬರೂ ಮಧ್ಯಾಹ್ನವೆಲ್ಲ ಕೂತು ಕಾಯಿ ಸುಲಿಯುವುದು, ನೆನೆಸಿದ ಕಾಳನ್ನು ಹಿತುಕುವುದು. ಓಣಿಯಾಚೆಯಿಂದ ತೆಲುಗು, ಉರ್ದು, ಕನ್ನಡ ಕಲೆತ ಮಾರುಕಟ್ಟೆಯ ಗದ್ದಲ ಬಾಗಿಲು ತಲುಪುವ ಹೊತ್ತಿಗೆ ಜೋಗುಳವಾಗುತ್ತಿತ್ತು. ಮುನಿಗಂಗಮ್ಮ ಮೊದಲ ದಿನವೇ ಎಲೆಅಡಿಕೆ ಚೀಲವನ್ನು ತಂದು ನಡುವೆ ಇಟ್ಟಳು. ಅಕ್ಕ ಏನಾದರೂ ಹೇಳಲಿ ಎಂದೇ ಇಟ್ಟಳೇನೋ. ಎಲೆಗೆ ಸುಣ್ಣ ಸವರಿ, ಹೊಗೆಸೊಪ್ಪು ಮುರಿದು, ಹುಣ್ಣಿಲ್ಲದ ಕಡೆಯ ದವಡೆಗೆ ಇಟ್ಟುಕೊಂಡಳು. ಅಮ್ಮಾಜಮ್ಮನ ಬೆರಳುಗಳು ಕಾಯಿಯ ಮೇಲೆ ನಿಂತವು.

"ಒಳಗೆ ಎತ್ತಿಡ್ಲಾ?"

"ಬೇಡ, ಇರ್ಲಿ. ನಂಗೆ ಬಾಯಲ್ಲಿ ನೀರು ಬರ್ತಾ ಐತೆ, ಅಷ್ಟೇ" ಎಂದಳು ಅಮ್ಮಾಜಮ್ಮ. ಇಷ್ಟು ತಿಂಗಳಲ್ಲಿ ಯಾರ ಎದುರಿಗೂ ಆಡದಿದ್ದ ಮಾತು ಅದು.

ಅಲ್ಲಿಂದ ಅವಳು ಏನನ್ನೂ ಮುಚ್ಚಿಡಲಿಲ್ಲ. ತಡೆಯಲಾಗದಾಗ ಎದ್ದು ಹಿತ್ತಿಲಲ್ಲಿ ಸುತ್ತಿ ಬಂದಳು. ಒಮ್ಮೆ ತಂಗಿಯ ಮುಂದೆಯೇ ಕಣ್ಣೀರು ಹಾಕಿದಳು, ಒಮ್ಮೆ ಚೀಲವನ್ನೇ ದುರುಗುಟ್ಟಿ ನೋಡಿ ತನಗೆ ತಾನೇ ನಕ್ಕಳು. ಹುರಿದ ಹುಣಸೆಬೀಜವನ್ನು ಕಟಕಟ ಕಡಿದಳು. ನೀನೂ ಬಿಡು ಎಂಬ ಮಾತು ದಿನಕ್ಕೆ ಹತ್ತು ಸಲ ಗಂಟಲವರೆಗೆ ಬಂತು. ಹತ್ತು ಸಲವೂ ನುಂಗಿದಳು. ಹೊಗೆಸೊಪ್ಪು ಬಿಟ್ಟಿದ್ದಕ್ಕಿಂತ ಈ ಮಾತು ಬಿಡುವುದು ಕಷ್ಟವೆಂದು ಅವಳಿಗೆ ಆಗ ತಿಳಿಯಿತು. ಮುನಿಗಂಗಮ್ಮ ಅಗಿಯುತ್ತ ಇದನ್ನೆಲ್ಲ ನೋಡುತ್ತಿದ್ದಳು.

ಐದನೇ ದಿನ ಚೀಲ ನಡುಮನೆಗೆ ಬರಲಿಲ್ಲ. ಗೂಟದ ಮೇಲೆ ತೂಗುತ್ತಿತ್ತು. ಅಮ್ಮಾಜಮ್ಮ ಅದನ್ನು ಕಂಡೂ ಕಾಣದವಳಂತೆ ಕಾಯಿ ಸುಲಿದಳು. ಆ ಸಂಜೆ ಮುನಿಗಂಗಮ್ಮ ಸಾರಿಗೆ ಉಪ್ಪು ಜಾಸ್ತಿ ಎಂದ ಗಂಡನ ಮೇಲೆ ಹರಿಹಾಯ್ದಳು, ಚೆಂಬು ಎತ್ತಿ ಕುಕ್ಕಿದಳು.

"ಇವಳಿಗೆ ಏನಾಯ್ತು ಅಮ್ಮಾಜಕ್ಕ?" ಎಂದು ಚೆನ್ನರಾಯಪ್ಪ ಬೆರಗಾಗಿ ಕೇಳಿದ.

"ಏನೂ ಇಲ್ಲಪ್ಪ. ಮಜ್ಜಿಗೆ ಬೆರೆಸ್ಕೊಂಡು ಉಣ್ಣು" ಎಂದಳು ಅಮ್ಮಾಜಮ್ಮ.

ಏಳನೇ ದಿನ ಮುನಿಗಂಗಮ್ಮನ ಕೈ ತಪ್ಪಿ ಕಾಳು ಮೊರದಾಚೆ ಚೆಲ್ಲಿತು. ಅವಳು ಆಯಲಿಲ್ಲ. ಬಾಗಿಲ ಕಡೆ ನೋಡುತ್ತ, "ಇದು ಯಾವಾಗ ಕಳೆಯತ್ತಕ್ಕ?" ಎಂದಳು.

ಎಷ್ಟೊಂದು ಜನಕ್ಕೆ, ಕೇಳದಿದ್ದವರಿಗೂ, ಇದಕ್ಕೆ ಉತ್ತರ ಹೇಳಿದ್ದಳು ಅಮ್ಮಾಜಮ್ಮ. ಈಗ ಮಾತ್ರ, "ಗೊತ್ತಿಲ್ಲ ಕಣೇ. ನಂದೇ ಇನ್ನೂ ಕಳೆದಿಲ್ಲ" ಎಂದಳು. ಮುನಿಗಂಗಮ್ಮ ತಲೆಯಾಡಿಸಿದಳು. ಆ ಉತ್ತರದಿಂದ ಅವಳಿಗೆ ಸಮಾಧಾನವಾಯಿತೆಂದು ಯಾರೂ ಹೇಳಲಾರರು, ಆದರೆ ಎದ್ದು ಹೋಗಿ ಗೂಟಕ್ಕೆ ಕೈಯನ್ನೂ ಹಾಕಲಿಲ್ಲ.

ಎಂಟನೇ ದಿನ ಮಧ್ಯಾಹ್ನದ ರೈಲಿಗೆ ಹೊರಡಬೇಕಿತ್ತು. ಅಮ್ಮಾಜಮ್ಮ ಸೀರೆ ಮಡಿಸಿ, ಬಾಗಿಲ ಬಳಿ ಬಟ್ಟೆಯ ಚೀಲ ಇಟ್ಟು, ಹೊರಡುವ ಮುಂಚೆ ಉಳಿದ ನಾಲ್ಕು ಕಾಯಿ ಮುಗಿಸೋಣವೆಂದು ಕೂತಳು. ಮುನಿಗಂಗಮ್ಮನ ಮುಖ ಬಾಡಿತ್ತು. ರಾತ್ರಿಯೆಲ್ಲ ಮಗ್ಗುಲು ಬದಲಿಸಿದ್ದಳು. ಎರಡು ಕಾಯಿ ಸುಲಿದಳು, ಮೂರನೆಯದನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು, "ಸ್ವಲ್ಪ ತಲೆ ಇಡ್ತೀನಿ ತಾಳಕ್ಕ" ಎಂದು ಅಕ್ಕನ ತೊಡೆಯ ಮೇಲೆ ಒರಗಿದಳು. ಮಾತು ಮುಗಿಯುವ ಮೊದಲೇ ನಿದ್ದೆ ಹೋಗಿದ್ದಳು.

ಬಿಸಿಲು ಹೊಸ್ತಿಲು ದಾಟಿ ಚಾಪೆಯ ಮೇಲೆ ಬಂತು, ಅಲ್ಲಿಂದ ಅವಳ ಕೆನ್ನೆಯ ಮೇಲೆ. ನಿದ್ದೆ ಆಳವಾದಂತೆ ಬಾಯಿ ತೆರೆದುಕೊಂಡಿತು. ಹೊಗೆಸೊಪ್ಪಿನ ವಾಸನೆ ಇರಲಿಲ್ಲ. ಹಸಿದ ಬಾಯಿಯ, ಬರೀ ಗಂಜಿಯ ವಾಸನೆ. ಒಳಗೆ, ಕೆನ್ನೆಯ ಗೋಡೆಗೆ, ಅವರೆಕಾಳಿನ ಅರ್ಧದಷ್ಟು ಕೆಂಪಗೆ, ಅಂಚು ಬೆಳ್ಳಗೆ, ಆ ಹುಣ್ಣು ಕಾಣಿಸಿತು. ಅಮ್ಮಾಜಮ್ಮ ಅದನ್ನು ಮೊದಲ ಸಲ ನೋಡಿದಳು. ಮಾಯುವಂಥದ್ದೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. ಚಿಕ್ಕಬಳ್ಳಾಪುರಕ್ಕೆ ಇವಳನ್ನು ಕರೆದುಕೊಂಡು ಹೋಗಬೇಕು, ಎದ್ದಮೇಲೆ ಕೇಳಬೇಕು, ಬರುತ್ತೀಯಾ ಎಂದಷ್ಟೇ ಕೇಳಬೇಕು ಎಂದುಕೊಂಡಳು.

ಮಾರುಕಟ್ಟೆಯ ಗದ್ದಲದಾಚೆ ರೈಲು ಒಮ್ಮೆ ಕೂಗಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಕೂಗಿ, ಸದ್ದು ತೆಳುವಾಗುತ್ತ ಹೋಯಿತು. ತೊಡೆ ಜೋಮು ಹಿಡಿದು ಕಾಲು ಇದೆಯೋ ಇಲ್ಲವೋ ಎಂಬಂತಾಗಿತ್ತು. ಎಲ್ಲಿಂದಲೋ ಒಂದು ನೊಣ ಬಂದು ತಂಗಿಯ ತುಟಿಯ ಹತ್ತಿರ ಸುಳಿಯಿತು. ಅಮ್ಮಾಜಮ್ಮ ಕಾಲು ಅಲುಗಿಸದೆ, ಬಳೆ ಸದ್ದಾಗದಂತೆ ಮೊಣಕೈಗೆ ಏರಿಸಿಕೊಂಡು, ಬರಿಗೈಯನ್ನು ಮೆಲ್ಲಗೆ ಆಡಿಸುತ್ತ ಕೂತಳು.